ಅಂಟಿಸಿದ ಅಂಕಿತ

ಗಜೇಂದ್ರಗಡದ ಅಣ್ಣನ ಮಗಳು, ನರಗುಂದದ ಬೀಗರು, ರೋಣದ ನಮ್ಮ ಓಣಿಯ ಭಜನಾ ಮಂಡಳಿ, ಈ ಮೂರೂ ಕಡೆಯಿಂದ ಒಂದೇ ವಚನ, ಒಂದೇ ತಾವರೆ ಹೂವಿನ ಚಿತ್ರದೊಡನೆ, ನಾನು ಚಹಾ ಕುಡಿಯುವ ಮೊದಲೇ ವಾಟ್ಸಾಪಿಗೆ ಬಂದು ಕೂತಿರುತ್ತದೆ. ಕಳಿಸಿದವರಾರೂ ಬರೆದವರಲ್ಲ. ನಾನೂ ಅರ್ಧ ಓದಿ ಮುಂದೆ ದಾಟಿಸುತ್ತಿದ್ದೆ.

ಈ ಚಟ ಹಳೆಯದೇ. ನಾವು ಹುಡುಗಿಯರಾಗಿದ್ದಾಗ ದೇವರ ಹೆಸರಿನ ಕಾರ್ಡುಗಳು ಬರುತ್ತಿದ್ದವು. ಇಷ್ಟು ಮಂದಿಗೆ ಬರೆದು ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಕೇಡು ಎಂಬ ಬೆದರಿಕೆ ಅದರಲ್ಲಿ. ಅವ್ವ ಅಂಜಿ ನನ್ನಿಂದ ಬರೆಸುತ್ತಿದ್ದಳು. ಕಾರ್ಡಿಗೆ ಹದಿನೈದು ಪೈಸೆ. ಬರೆದು ಬರೆದು ಕೈ ನೋಯುತ್ತಿತ್ತು. ಐದಾದ ಮೇಲೆ "ಸಾಕ ಬಿಡು, ನಮ್ಮ ಬಡತನ ದೇವರಿಗೂ ಗೊತ್ತದ" ಎನ್ನುತ್ತಿದ್ದಳು. ಆ ಖರ್ಚು, ಆ ಕೈನೋವು ಒಂದು ಬೇಲಿಯಾಗಿತ್ತು. ಈಗ ಬೇಲಿಯೇ ಇಲ್ಲ.

ಹೋದ ವರ್ಷ ಎಂಟನೇ ಇಯತ್ತೆಯ ಹುಡುಗಿಯೊಬ್ಬಳನ್ನು ಭಾಷಣ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ಅಕ್ಕಮಹಾದೇವಿಯ ಮೇಲೆ ಚೆನ್ನಾಗಿಯೇ ಮಾತಾಡಿದಳು. ಕೊನೆಗೊಂದು ವಚನ ಹೇಳಿದಳು. ನಿರ್ಣಾಯಕರು, "ಇದು ಅಕ್ಕನ ವಚನ ಅಲ್ಲವಾ ತಂಗಿ, ಎಲ್ಲಿಂದ ತಂದಿ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು, ಬಾಯಿ ಬಿಡಲಿಲ್ಲ. ಬಹುಮಾನ ಬರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಅಂದಳು: "ಅಕ್ಕೋರ, ಅದನ್ನ ನೀವ ಗ್ರೂಪಿಗೆ ಹಾಕಿದ್ರಿ."

ಮರುದಿನ ಶಾಲೆಯ ಕಪಾಟಿನಿಂದ ಶಿವಶರಣೆಯರ ವಚನ ಸಂಪುಟ ತೆಗೆದೆ. 1993ರಲ್ಲಿ ಸರಕಾರ ತಂದ ಹದಿನೈದು ಸಮಗ್ರ ಸಂಪುಟಗಳಲ್ಲಿ ಅದೊಂದು. ಎಷ್ಟು ಹುಡುಕಿದರೂ ಆ ವಚನ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಹುಡುಕುವ ಅಗತ್ಯವೂ ಇರಲಿಲ್ಲ. "ಆತ್ಮವಿಶ್ವಾಸ", "ಯಶಸ್ಸು" ಎಂಬ ಮಾತುಗಳು ಅದರಲ್ಲಿದ್ದವು. ಅಕ್ಕನ ಮಾತಿನಲ್ಲಿ ಹಸಿವು, ಚಳಿ, ದೇಹದ ಸಂಕಟ, ಚೆನ್ನಮಲ್ಲಿಕಾರ್ಜುನನೊಡನೆ ಜಗಳ, ಹಂಬಲ ಎಲ್ಲ ಇವೆ. ಇದರಲ್ಲಿದ್ದುದು ಬರಿಯ ಬುದ್ಧಿವಾದ, ಕೊನೆಗೆ ಗೋಂದು ಹಚ್ಚಿ ಅಂಟಿಸಿದ ಅಂಕಿತ. ಕನ್ನಡ ಕಲಿಸುವ ನನಗೆ ಇದು ಮೊದಲೇ ಕಾಣಬೇಕಿತ್ತು.

ವಚನಗಳು ನಮ್ಮ ತನಕ ಬಂದದ್ದೂ ಒಬ್ಬರಿಂದೊಬ್ಬರಿಗೆ ದಾಟಿಯೇ. ಓಲೆಗರಿಯಲ್ಲಿ ನಕಲು ಮಾಡಿದವರು ಅಂಕಿತವನ್ನು ಕಾಪಾಡಿದರು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. ಮನೆ ಮಾರಿ ಛಾಪಖಾನೆ ಹಾಕಿದರು. ಒಂದು ಮಾತನ್ನು ಹಬ್ಬಿಸಲು ಅವರು ತೆತ್ತ ಬೆಲೆ ಅಷ್ಟು. ನಾವು ತೆರುವುದು ಒಂದು ಬೆರಳಿನ ಶ್ರಮ.

ಸುಳ್ಳು ವಚನದಿಂದ ಒಂದು ಬಹುಮಾನ ಹೋಯಿತು. ಸುಳ್ಳು ಸುದ್ದಿಯಿಂದ ಜೀವವೇ ಹೋಗಿದೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಹೊಡೆದವರಷ್ಟೇ ಅಲ್ಲ, ದಾಟಿಸಿದವರೂ ಅದರಲ್ಲಿ ಪಾಲುದಾರರು. ದೇಶದಲ್ಲಿ ಇಂಥ ಕೊಲೆಗಳಾದ ಮೇಲೆ ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸುವ ಮಿತಿ ಹಾಕಿದರು. 2020ರಲ್ಲಿ, ಬಹಳ ಸಲ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆ ಎಂದರು. ಅದರ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಆದರೆ ಆ ಬಾಣ ಎಷ್ಟು ದಾರಿ ನಡೆದು ಬಂತೆಂದು ಹೇಳೀತು, ನಿಜವೋ ಸುಳ್ಳೋ ಹೇಳಲಾರದು. ಆ ಕೆಲಸ ನಮ್ಮದೇ.

ಆ ಹುಡುಗಿಯ ಮುಂದೆ, ಅದೇ ಗ್ರೂಪಿನಲ್ಲಿ, "ನಾನು ಹಾಕಿದ ವಚನ ಅಕ್ಕನದಲ್ಲ, ತಪ್ಪಾಯಿತು" ಎಂದು ಬರೆದೆ. ತಾವರೆ ಹೂವಿಗೆ ನಲವತ್ತು ಜನ ಕೈ ಮುಗಿದಿದ್ದರು. ಈ ತಪ್ಪೊಪ್ಪಿಗೆಯನ್ನು ಒಬ್ಬರೂ ಮುಂದೆ ದಾಟಿಸಲಿಲ್ಲ.