ಒಂದೇ ವಯಸ್ಸು, ಎರಡು ವೇಗ

ಮಾರ್ಕ್ ಹಾಫ್ನರ್ ಮತ್ತು ಸಂಗಡಿಗರು 1994ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ಜಾಣ್ಮೆಯೆಲ್ಲ ಇರುವುದು ಅವರು ಆರಿಸಿಕೊಂಡ ಜೀವಿಗಳಲ್ಲಿ. ಪಾಕೆಟ್ ಗೋಫರ್ ಅಮೆರಿಕದ ನೆಲದಡಿ ಬಿಲ ತೋಡಿಕೊಂಡು ಒಂಟಿಯಾಗಿ ಬದುಕುವ ದಂಶಕ. ಅದರ ರೋಮದಲ್ಲಿರುವ ಹೇನಿಗೆ ರೆಕ್ಕೆಯಿಲ್ಲ. ಇನ್ನೊಂದು ಗೋಫರ್‌ಗೆ ದಾಟಬೇಕಾದರೆ ಮೈಗೆ ಮೈ ತಗುಲಬೇಕು. ಹಾಗಾಗಿ ಗೋಫರ್ ಕವಲೊಡೆದಾಗ ಹಲವು ಸಲ ಹೇನೂ ಜೊತೆಗೇ ಕವಲೊಡೆದಿದೆ. ಎರಡಕ್ಕೂ ಬದಲಾಗಲು ಸಿಕ್ಕ ಕಾಲ ಒಂದೇ ಆದ್ದರಿಂದ, ಪಳೆಯುಳಿಕೆಯ ಹಂಗಿಲ್ಲದೆ ಡಿಎನ್‌ಎ ಬದಲಾಗುವ ವೇಗವನ್ನು ಹೋಲಿಸಬಹುದು. ಇಂಥ ಜೋಡಿ ಸುಲಭಕ್ಕೆ ಸಿಗುವುದಿಲ್ಲ.

ಮೈಟೊಕಾಂಡ್ರಿಯಾದ ಒಂದು ಜೀನ್‌ನಲ್ಲಿ ಹೇನಿನ ಒಟ್ಟು ವೇಗ ಗೋಫರ್‌ನದಕ್ಕಿಂತ ಸುಮಾರು ಮೂರು ಪಟ್ಟು. ಪ್ರೋಟೀನನ್ನು ಮುಟ್ಟದ ಮೌನ ಬದಲಾವಣೆಗಳಲ್ಲಿ ಸುಮಾರು ಹತ್ತು ಪಟ್ಟು! ಎರಡರ ಪೀಳಿಗೆಯ ಅವಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಅಂತರವಿದೆ ಎಂದು ಲೇಖಕರು ತೋರಿಸುತ್ತಾರೆ. ಹೇನಿನ ಪೀಳಿಗೆ ಚಿಕ್ಕದಾದ್ದರಿಂದಲೇ ಅದರ ಡಿಎನ್‌ಎ ಬೇಗ ಬದಲಾಗುತ್ತದೆ ಎಂಬುದು ಇದರಿಂದ ಹೊರಡುವ ವಾದ.

ಪರಾವಲಂಬಿಗಳ ಸಂಖ್ಯೆ ಆಗಾಗ ಕುಗ್ಗುತ್ತದೆ, ಆಗ ಅಲ್ಪ ಹಾನಿಯ ರೂಪಾಂತರಗಳೂ ಉಳಿದುಬಿಡುತ್ತವೆ ಎಂಬುದು ಇನ್ನೊಂದು ವಾದ. ಅದು ನಿಜವಾಗಿದ್ದರೆ ಪ್ರೋಟೀನ್ ಬದಲಿಸುವ ರೂಪಾಂತರಗಳೇ ಹೆಚ್ಚು ಮುಂದೋಡಬೇಕಿತ್ತು. ಇಲ್ಲಿ ಓಡಿರುವುದು ಮೌನವಾದವು. ಅಷ್ಟರ ಮಟ್ಟಿಗೆ ಪೀಳಿಗೆಯ ವಾದಕ್ಕೆ ಬಲವಿದೆ. ಆದರೆ ಹೇನಿಗೂ ದಂಶಕಕ್ಕೂ ಪೀಳಿಗೆಯೊಂದರಲ್ಲೇ ವ್ಯತ್ಯಾಸವೇ? ಮೈಶಾಖ, ಚಯಾಪಚಯ, ಡಿಎನ್‌ಎ ದುರಸ್ತಿ ಎಲ್ಲವೂ ಬೇರೆ ಇರಬಹುದು. ಅವುಗಳಲ್ಲಿ ಲೆಕ್ಕಕ್ಕೆ ಒಪ್ಪುವ ಒಂದನ್ನು ಹೆಕ್ಕಿ ಕಾರಣ ಎನ್ನುವುದು ಅವಸರವೆಂದೇ ನನಗೆ ತೋರುತ್ತದೆ. ಈ ದೃಷ್ಟಿಯಿಂದ ಲಿಂಡೆಲ್ ಬ್ರೋಮ್‌ಹ್ಯಾಮ್ ತಂಡದ 2013ರ ಅಧ್ಯಯನದ ವಿಧಾನ ಹೆಚ್ಚು ಗಟ್ಟಿ. ಪರಾವಲಂಬಿ ಸಸ್ಯಗಳನ್ನು ಸ್ವಾವಲಂಬಿ ಬಂಧುಗಳ ಜೊತೆ ಹಲವು ಬಾರಿ ಹೋಲಿಸಿ, ಸಸ್ಯಕೋಶದ ಮೂರೂ ಜೀನೋಮ್‌ಗಳಲ್ಲಿ (ಕೋಶಕೇಂದ್ರ, ಮೈಟೊಕಾಂಡ್ರಿಯಾ, ಕ್ಲೋರೋಪ್ಲಾಸ್ಟ್) ವೇಗ ಹೆಚ್ಚಿರುವುದನ್ನು ಅವರು ಕಂಡರು.

ವೇಗ ಹೀಗೆ ವಂಶದಿಂದ ವಂಶಕ್ಕೆ ಬದಲಾಗುವಾಗ ಡಿಎನ್‌ಎಯನ್ನೇ ಗಡಿಯಾರ ಮಾಡಿಕೊಳ್ಳುವವರಿಗೆ ಕಷ್ಟ. ಬಟ್ಟೆಯಲ್ಲಿ ನೆಲೆಸುವ ಕೂರೆ ತಲೆಹೇನಿನಿಂದ ಬೇರ್ಪಟ್ಟ ಕಾಲದಿಂದ ಮನುಷ್ಯ ಬಟ್ಟೆ ತೊಟ್ಟ ಕಾಲವನ್ನು ಊಹಿಸಲು ಕಿಟ್ಲರ್, ಕೈಸರ್, ಸ್ಟೋನ್‌ಕಿಂಗ್ 2003ರಲ್ಲಿ ಹೊರಟರು. ಗೋಫರ್ ಹೇನಿನ ವೇಗವನ್ನು ಎರವಲು ತರದೆ, ಮನುಷ್ಯ ಮತ್ತು ಚಿಂಪಾಂಜಿಯ ಹೇನುಗಳು 55 ಲಕ್ಷ ವರ್ಷಗಳ ಹಿಂದೆ ಅಗಲಿದವೆಂದು ಹಿಡಿದು ಗಡಿಯಾರ ಹೊಂದಿಸಿದ್ದು ಸರಿಯೇ. ಆದರೂ ಅವರ 72,000 ವರ್ಷ ಮರುವರ್ಷವೇ ತಿದ್ದುಪಡಿಯಲ್ಲಿ 1,07,000 ಆಯಿತು. 2011ರಲ್ಲಿ ಇನ್ನೊಂದು ತಂಡ ಕನಿಷ್ಠ 83,000, ಪ್ರಾಯಶಃ 1,70,000 ಎಂದಿತು. ಇವುಗಳಲ್ಲಿ ಯಾವುದೇ ಒಂದು ಅಂಕಿಯನ್ನು ಬಟ್ಟೆಯ ಹುಟ್ಟುದಿನವೆಂದು ಪಠ್ಯದಲ್ಲಿ ಅಚ್ಚು ಹಾಕಿಸಲು ನಾನಂತೂ ಒಪ್ಪಲಾರೆ.