‘ಘಾಚರ್ ಘೋಚರ್’: ಲೆಕ್ಕ ಕೇಳುವವರು ಯಾರು?

ವಿವೇಕ ಶಾನಭಾಗರ ನೀಳ್ಗತೆ ‘ಘಾಚರ್ ಘೋಚರ್’ ಪ್ರಕಟವಾದದ್ದು 2013ರಲ್ಲಿ. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ನಂತರ ಅದು ಹೊರದೇಶದ ಓದುಗರನ್ನೂ ತಲುಪಿತು. ಈ ಕೃತಿಯನ್ನು ಓದಿದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಬಡತನದಲ್ಲಿ ಒಗ್ಗಟ್ಟಾಗಿದ್ದ ಕುಟುಂಬ ದುಡ್ಡು ಬಂದ ಮೇಲೆ ಕೆಟ್ಟಿತು. ಈ ಓದು ತಪ್ಪಲ್ಲ. ಆದರೆ ಅದು ನಮಗೆ ತೀರಾ ಅನುಕೂಲಕರವಾದ ಓದು. ತಿಂಗಳ ಕೊನೆಯ ವಾರವನ್ನು ಎಣಿಸಿಕೊಂಡು ದೂಡುವ ನಮ್ಮಂಥವರು, ‘ಕೆಡುವಷ್ಟು ದುಡ್ಡು ನಮ್ಮಲ್ಲೆಲ್ಲಿದೆ?’ ಎಂದುಕೊಂಡು ಪುಸ್ತಕ ಮುಚ್ಚಿಡಬಹುದು.

ತಿಲಕನಗರ, ಜಯನಗರ, ಬನಶಂಕರಿಯ ಆಸುಪಾಸಿನಲ್ಲಿ ಬಾಳುತ್ತಿರುವ ನಾವು ಕೆಲವರು ಇತ್ತೀಚೆಗೆ ಈ ಕಥೆಯನ್ನು ಮತ್ತೊಮ್ಮೆ ಓದಿದೆವು. ನಮ್ಮಲ್ಲಿ ಕೆಲವರು 2019ರಲ್ಲಿ ಮತ್ತು 2020ರಲ್ಲಿ ಕೂಡಿಟ್ಟ ಹಣ ಸಿಕ್ಕಿಬಿದ್ದು ಒದ್ದಾಡಿದ ಮನೆಗಳಿಂದ ಬಂದವರು. ಹಾಗಾಗಿಯೋ ಏನೋ, ನಮ್ಮ ಕಣ್ಣಿಗೆ ಈ ಕಥೆಯಲ್ಲಿ ಹಣಕ್ಕಿಂತ ಹೆಚ್ಚಾಗಿ ಬಿದ್ದದ್ದು ಲೆಕ್ಕ. ದಿನದಿನದ, ಚಿಲ್ಲರೆ ಕಾಸಿನ, ಮನೆಮಂದಿಯೆಲ್ಲ ಕೂತು ನೋಡುವ ಲೆಕ್ಕ.

ಕಥೆಯ ನಿರೂಪಕನ ಅಪ್ಪ ಚಹಾ ಮಾರುವ ಕಂಪನಿಯೊಂದರ ಸೇಲ್ಸ್‌ಮನ್. ಹಗಲೆಲ್ಲ ಅಂಗಡಿಗಳನ್ನು ಸುತ್ತಿ, ಸಂಜೆ ಮನೆಗೆ ಬಂದು ರಸೀದಿ ಮತ್ತು ನೋಟುಗಳನ್ನು ಹರವಿಕೊಂಡು ಲೆಕ್ಕ ಹೊಂದಿಸುವುದು ಆತನ ದಿನಚರಿ. ಒಂದು ರಾತ್ರಿ ಲೆಕ್ಕ ಹೊಂದುವುದಿಲ್ಲ. ಆ ಸಣ್ಣ ಮನೆಯ ಅಷ್ಟೂ ಜನರಿಗೆ ಅದು ತಮ್ಮದೇ ಸಂಕಟವಾಗುತ್ತದೆ. ಅಪ್ಪನ ಸಂಬಳ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ, ಯಾವ ಖರ್ಚನ್ನು ಮುಂದಿನ ತಿಂಗಳಿಗೆ ತಳ್ಳಬೇಕು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅವರು ಒಂದಾಗಿದ್ದಾರೆ. ಕಷ್ಟವು ಜನರನ್ನು ತಾನೇ ತಾನಾಗಿ ಒಂದು ಮಾಡುವುದಿಲ್ಲ. ಕಷ್ಟವನ್ನು ಹಂಚಿಕೊಳ್ಳಲು ಒಂದು ರೂಢಿ ಬೇಕು. ಆ ಮನೆಯಲ್ಲಿ ಲೆಕ್ಕವೇ ಆ ರೂಢಿಯಾಗಿತ್ತು.

ಮುಂದೆ ಅಪ್ಪನ ಕೆಲಸ ಹೋಗುತ್ತದೆ. ನಿವೃತ್ತಿಯಿಂದ ಬಂದ ಹಣವನ್ನು ಚಿಕ್ಕಪ್ಪನ ವ್ಯಾಪಾರಕ್ಕೆ ಹಾಕಲಾಗುತ್ತದೆ. ಸೋನಾ ಮಸಾಲ ಎಂಬ ಹೆಸರಿನ ಆ ವ್ಯಾಪಾರ ಕುದುರುತ್ತದೆ, ಹೊಸ ಮನೆ ಬರುತ್ತದೆ. ಕಾಗದದ ಮೇಲೆ ಅಪ್ಪ ಅರ್ಧ ಪಾಲುದಾರ, ನಿರೂಪಕ ಕಂಪನಿಯ ನಿರ್ದೇಶಕ. ಆತನಿಗೆ ಮಾಡಲು ಕೆಲಸವೇನೂ ಇಲ್ಲ. ಆದರೂ ತಿಂಗಳು ತಿಂಗಳು ಖಾತೆಗೆ ಹಣ ಬರುತ್ತದೆ. ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಚಿಕ್ಕಪ್ಪನಿಗೆ ಬೇಸರವಾಗದಂತೆ ನೋಡಿಕೊಳ್ಳುವುದೇ ಈಗ ಮನೆಯ ಮುಖ್ಯ ಕೆಲಸ. ಆತನಿಗಾಗಿ ಮಸೂರ ಬೇಳೆಯ ಸಾರು ಮಾಡಿಕೊಂಡು ಬಾಗಿಲಿಗೆ ಬಂದ ಹೆಣ್ಣೊಬ್ಬಳನ್ನು ಅವಮಾನಿಸಿ ಕಳಿಸುವ ಪ್ರಸಂಗವಿದೆಯಲ್ಲ, ಅಲ್ಲಿ ಇಡೀ ಕುಟುಂಬ ಒಂದಾಗಿ ನಿಲ್ಲುತ್ತದೆ. ಹಿಂದೆ ತಪ್ಪಿದ ಲೆಕ್ಕ ಹುಡುಕಲು ಒಂದಾದವರು ಈಗ ಪ್ರಶ್ನೆಯೊಂದು ಮನೆಯೊಳಗೆ ಬರದಂತೆ ತಡೆಯಲು ಒಂದಾಗುತ್ತಾರೆ. ಒಗ್ಗಟ್ಟು ಉಳಿದಿದೆ. ಮುಚ್ಚಿದ್ದು ಲೆಕ್ಕದ ಪುಸ್ತಕ.

ಈ ‘ಚಿಕ್ಕಪ್ಪ’ನನ್ನು ನಾವು ಬಲ್ಲೆವು. ಬೆಂಗಳೂರಿನ ಮುಸ್ಲಿಮ್ ಮನೆಗಳಲ್ಲಿ ಆತನ ಹೆಸರು ಬಹುಕಾಲ ಐಎಂಎ ಎಂದಿತ್ತು. 2006ರಲ್ಲಿ ಆರಂಭವಾಗಿ, ಶಿವಾಜಿನಗರದಲ್ಲಿ ಕಚೇರಿ ಹೊಂದಿದ್ದ, ಜಯನಗರದಲ್ಲೂ ಆಭರಣ ಮಳಿಗೆ ತೆರೆದಿದ್ದ ಈ ಸಂಸ್ಥೆ ಬಡ್ಡಿಯ ಬದಲು ‘ಹಲಾಲ್’ ಲಾಭಾಂಶ ಕೊಡುತ್ತೇವೆ ಎಂದಿತು. ಹಣ ಕೊಟ್ಟವರು ಕಾಗದದ ಮೇಲೆ ಪಾಲುದಾರರಾದರು, ಥೇಟ್ ಕಥೆಯ ಅಪ್ಪನ ಹಾಗೆ. ವ್ಯಾಪಾರ ಯಾವುದು, ಲಾಭ ಎಲ್ಲಿ ಹುಟ್ಟುತ್ತದೆ ಎಂದು ಪಾಲುದಾರರಾಗಿ ಕೇಳಿದವರು ಎಷ್ಟು ಮಂದಿ? ತಿಂಗಳು ತಿಂಗಳು ಹಣ ಬರುತ್ತಿತ್ತು, ಅಷ್ಟು ಸಾಕಾಗಿತ್ತು. 2019ರ ಜೂನ್‌ನಲ್ಲಿ ಅದರ ಸ್ಥಾಪಕ ಮನ್ಸೂರ್ ಖಾನ್ ದೇಶ ಬಿಟ್ಟರು, ಜುಲೈನಲ್ಲಿ ದೆಹಲಿಯಲ್ಲಿ ಬಂಧಿತರಾದರು. ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲುಗಟ್ಟಿ ನಿಂತರು. ಆ ಸಾಲಿನಲ್ಲಿ ಮಗಳ ಮದುವೆಗೆ ಕೂಡಿಟ್ಟವರಿದ್ದರು, ಒಡವೆ ಮಾರಿ ಹಾಕಿದವರಿದ್ದರು, ಗಲ್ಫಿನಲ್ಲಿ ದುಡಿದ ಗಂಡನ ಹಣವನ್ನು ನಂಬಿ ಕೊಟ್ಟ ಹೆಂಗಸರಿದ್ದರು.

ಇದನ್ನು ಒಂದು ಸಮುದಾಯದ ಮೌಢ್ಯ ಎಂದು ತಳ್ಳಿಹಾಕುವವರಿಗೆ ಮರುವರ್ಷವೇ ಉತ್ತರ ಸಿಕ್ಕಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಅಲ್ಲಿ ಸಾಲು ನಿಂತವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಬೆಂಗಳೂರಿನ ನಿವೃತ್ತ ನೌಕರರು. ಜೀವನವಿಡೀ ಬಸ್ಸಿನ ಚೀಟಿಯನ್ನೂ ಲೆಕ್ಕಕ್ಕೆ ಬರೆದಿಟ್ಟ ಶಿಸ್ತಿನ ಜನ. ಮುಂದೆ 2021ರಲ್ಲಿ ಠೇವಣಿ ವಿಮೆಯ ಕಾನೂನಿಗೆ ತಿದ್ದುಪಡಿಯಾಗಿ ಐದು ಲಕ್ಷದವರೆಗಿನ ಠೇವಣಿಗೆ ಪರಿಹಾರದ ದಾರಿ ತೆರೆಯಿತು. ಅದಕ್ಕಿಂತ ಹೆಚ್ಚು ಇಟ್ಟವರು ಕಾಯುತ್ತಲೇ ಉಳಿದರು. ಐಎಂಎ ಮತ್ತು ಈ ಬ್ಯಾಂಕು ಕಾನೂನಿನ ದೃಷ್ಟಿಯಲ್ಲಿ ಒಂದೇ ಬಗೆಯವಲ್ಲ. ಬ್ಯಾಂಕಿಗೆ ಪರವಾನಗಿಯಿತ್ತು, ವಿಮೆಯಿತ್ತು, ಮೇಲೆ ನೋಡಿಕೊಳ್ಳಲು ರಿಸರ್ವ್ ಬ್ಯಾಂಕಿತ್ತು. ಆದರೆ ಗ್ರಾಹಕರ ಮನಸ್ಸು ಎರಡೂ ಕಡೆ ಒಂದೇ ರೀತಿ ಕೆಲಸ ಮಾಡಿತ್ತು: ‘ನಮ್ಮವರು, ದೇವರಿಗೆ ಹೆದರುವವರು, ನೋಡಿಕೊಳ್ಳುತ್ತಾರೆ.’ ಒಂದು ಕಡೆ ಹಲಾಲ್ ಎಂಬ ಪದ, ಇನ್ನೊಂದು ಕಡೆ ಗುರುಗಳ ಹೆಸರು. ಲೆಕ್ಕ ಇರಬೇಕಾದ ಜಾಗದಲ್ಲಿ ಭಕ್ತಿಯನ್ನು ಇಟ್ಟುಕೊಂಡಿದ್ದೆವು.

ಧರ್ಮವನ್ನು ದೂರಿ ಪ್ರಯೋಜನವಿಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್‌ಬಕರ ಅಧ್ಯಾಯದ 282ನೆಯದು, ಪ್ರಾರ್ಥನೆಯ ಬಗ್ಗೆಯಾಗಲಿ ಪರಲೋಕದ ಬಗ್ಗೆಯಾಗಲಿ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬೇಡಿ, ಸಾಕ್ಷಿ ಇಟ್ಟುಕೊಳ್ಳಿ ಎಂಬುದು ಅದರ ತಾತ್ಪರ್ಯ. ಹೀಗೆ ಬೋಧಿಸುವ ಗ್ರಂಥವನ್ನು ಓದುವವರೇ ಅದರ ಹೆಸರಿನಲ್ಲಿ ಲೆಕ್ಕ ಕೇಳದೆ ಕೂತೆವು ಎಂಬುದು ಐಎಂಎ ಹಗರಣದ ನಿಜವಾದ ವಿಪರ್ಯಾಸ. ನಮ್ಮ ಮಿಂಬರುಗಳಲ್ಲಿ ಬಡ್ಡಿಯ ನಿಷೇಧದ ಬಗ್ಗೆ ಕೇಳಿದಷ್ಟು ಮಾತು ಬರೆದಿಡುವ ಆದೇಶದ ಬಗ್ಗೆ ಕೇಳಿಸಿಲ್ಲ.

ನಮ್ಮ ನಾಡಿಗೆ ಲೆಕ್ಕದ ರೂಢಿ ಹೊಸದಲ್ಲ. ಉಡುಪಿಯಲ್ಲಿ 1906ರಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ಊರಿನಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಅಂಗಡಿಯ ಮುಂದೆ ಬ್ಯಾಂಕೇ ದಿನಾ ಬಂದು ನಿಲ್ಲುತ್ತಿತ್ತು. ಪಿಗ್ಮಿಯ ಮಹತ್ವ ಉಳಿತಾಯದ ಮೊತ್ತದಲ್ಲಿ ಮಾತ್ರ ಇರಲಿಲ್ಲ. ಕೊಟ್ಟವನ ಕೈಯಲ್ಲೂ ಪುಸ್ತಕ, ಪಡೆದವನ ಕೈಯಲ್ಲೂ ಪುಸ್ತಕ. ನಾಳೆ ಅದೇ ಮನುಷ್ಯ ಅದೇ ಹೊತ್ತಿಗೆ ಬರದಿದ್ದರೆ ಅಂಗಡಿಯವನು ಆ ದಿನವೇ ವಿಚಾರಿಸುತ್ತಿದ್ದ. 2020ರ ಏಪ್ರಿಲ್ ಒಂದರಂದು ಈ ಎರಡೂ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋದದ್ದಕ್ಕಿಂತ, ದಿನಾ ಮುಖ ನೋಡಿ ಲೆಕ್ಕ ಒಪ್ಪಿಸುವ ಆ ರೂಢಿ ಸವೆದುಹೋಗುತ್ತಿರುವುದು ನಮಗೆ ಹೆಚ್ಚಿನ ನಷ್ಟವೆನಿಸುತ್ತದೆ.

ಮತ್ತೆ ಕಥೆಗೆ ಬರೋಣ. ಆ ಮನೆಯಲ್ಲಿ ಲೆಕ್ಕ ಕೇಳುವವಳು ಒಬ್ಬಳೇ, ಹೊರಗಿನಿಂದ ಬಂದ ಸೊಸೆ ಅನಿತಾ. ಗಂಡ ದುಡಿಯದೆ ಸಂಬಳ ಪಡೆಯುತ್ತಾನೆ ಎಂದು ತಿಳಿದಾಗ ಅವಳು ಸುಮ್ಮನಿರುವುದಿಲ್ಲ. ಮನೆಯವರ ಕಣ್ಣಿಗೆ ಅವಳು ಜಗಳಗಂಟಿ. ಆದರೆ ಅವಳು ಕೇಳುತ್ತಿರುವುದು ಹಳೆಯ ಮನೆಯಲ್ಲಿ ಅಪ್ಪ ದಿನಾ ಸಂಜೆ ತನಗೆ ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ: ಇದು ಯಾವ ಬಾಬ್ತು? ಕಥೆಯ ಹೆಸರಾದ ಮಾತೂ ಅವಳ ತವರಿನದು, ಬಿಡಿಸಲಾಗದಂತೆ ಸಿಕ್ಕಾದದ್ದಕ್ಕೆ ಅವರು ಕಟ್ಟಿಕೊಂಡ ಪದ. ಸಿಕ್ಕನ್ನು ಸಿಕ್ಕು ಎಂದು ಹೇಳಬಲ್ಲವಳು ಅವಳೊಬ್ಬಳೇ. ಅಂಥವಳಿಗೆ ಮನೆ ಏನು ಮಾಡೀತು ಎಂಬ ಭಯದಲ್ಲಿ ಕಥೆ ನಮ್ಮನ್ನು ಬಿಟ್ಟು ಮುಗಿಯುತ್ತದೆ. ಐಎಂಎಗೆ ಹಣ ಹಾಕುವ ಮೊದಲು ‘ಯಾಕ್ರೀ, ಸ್ವಲ್ಪ ವಿಚಾರಿಸಿ’ ಎಂದ ಹೆಂಡತಿಯರು ನಮ್ಮ ಬೀದಿಗಳಲ್ಲಿಯೂ ಇದ್ದರು. ‘ನಿನಗೇನು ಗೊತ್ತು, ಸುಮ್ಮನಿರು’ ಎಂಬ ಉತ್ತರ ನಮ್ಮ ಮನೆಗಳ ಗೋಡೆಗಳಿಗೂ ಕೇಳಿಸಿದೆ.

ಕೃತಿಯ ಬಗ್ಗೆ ನಮಗೆ ಒಂದು ತಕರಾರಿದೆ. ಹಳೆಯ ಮನೆಯ ಲೆಕ್ಕವನ್ನು ಅದು ಅಪ್ಪನ ಕೈಬರಹದಲ್ಲಿ ಮಾತ್ರ ನೋಡುತ್ತದೆ. ಆ ಲೆಕ್ಕದ ಹೊರಗೆ ಉಳಿಯುವ ಹಣವೊಂದು ಇಂಥ ಎಲ್ಲ ಮನೆಗಳಲ್ಲಿ ಇರುತ್ತದೆ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಅಕ್ಕಿಯ ಡ್ರಮ್ಮಿನ ತಳದಲ್ಲಿ ಹೆಂಗಸರು ಕಾಪಿಟ್ಟ ಹಣ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಈ ಡಬ್ಬಿಗಳೆಲ್ಲ ಬಾಯಿ ತೆರೆಯಬೇಕಾಯಿತು. ಎಷ್ಟೋ ಗಂಡಸರು ‘ಇಷ್ಟು ದುಡ್ಡು ಬಚ್ಚಿಟ್ಟಿದ್ದೆಯಾ?’ ಎಂದು ಬೆರಗಾದರು, ಕೆಲವರು ಸಿಟ್ಟಾದರು. ಆಕೆ ಯಾಕೆ ಬಚ್ಚಿಡಬೇಕಾಯಿತು ಎಂದು ಯೋಚಿಸಿದವರು ಕಡಿಮೆ. ಎಲ್ಲರಿಗೂ ತೆರೆದಿದ್ದ ಹಳೆಯ ಲೆಕ್ಕ ಎಂದು ನಾವು ಹಂಬಲಿಸುವಾಗ, ಅದು ಅಮ್ಮನಿಗೂ ಅಷ್ಟೇ ತೆರೆದಿತ್ತೇ ಎಂದು ಕೇಳಲೇಬೇಕು. ಶಾನಭಾಗರ ನಿರೂಪಕ ಈ ಪ್ರಶ್ನೆ ಕೇಳಲಾರ, ಆತನ ದೃಷ್ಟಿಯ ಮಿತಿಯೇ ಕಥೆಯ ತಂತ್ರ. ಆದರೆ ವಿಮರ್ಶೆಗೆ ಆ ಮಿತಿ ಇರಬೇಕಿಲ್ಲ.

ಈಗ ಬಿಟಿಎಂ ಬಡಾವಣೆಯ ಪಿಜಿಗಳಲ್ಲಿರುವ ಹುಡುಗ ಹುಡುಗಿಯರನ್ನು ಕೇಳಿದರೆ, ಲೆಕ್ಕ ಬರೆಯುವ ಅಗತ್ಯವೇ ಇಲ್ಲ ಎನ್ನುತ್ತಾರೆ. ಯುಪಿಐ ಬಂದದ್ದು 2016ರಲ್ಲಿ. ಇಂದು ಎಳನೀರಿನವನಿಗೆ ಕೊಟ್ಟದ್ದೂ ಮೊಬೈಲಿನಲ್ಲಿ ದಾಖಲಾಗುತ್ತದೆ. ನಿಜ. ಆದರೆ ದಾಖಲೆ ಬೇರೆ, ಲೆಕ್ಕ ಬೇರೆ. ಅಪ್ಪ ರಸೀದಿಗಳನ್ನು ಹರವಿಕೊಂಡಾಗ ಸುತ್ತ ನಾಲ್ಕು ಜನ ಇದ್ದರು. ಮೊಬೈಲಿನ ದಾಖಲೆಗೆ ಬೀಗವಿದೆ, ಅದರ ಗುಟ್ಟು ಒಬ್ಬರಿಗೇ ಗೊತ್ತು. ಕೊರೋನಾದ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಸಾವಿನ ನಂತರ ಯಾವ ಬ್ಯಾಂಕಿನಲ್ಲಿ ಖಾತೆಯಿತ್ತು, ನಾಮಿನಿ ಯಾರು, ವಿಮೆ ಇತ್ತೇ ಎಂದು ತಡಕಾಡಿದ ಮನೆಗಳನ್ನು ನಾವು ಕಂಡಿದ್ದೇವೆ. ವಾರಸುದಾರರಿಲ್ಲದೆ ಬಿದ್ದಿರುವ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೇ ತೆರೆಯಬೇಕಾಯಿತು. ಹತ್ತು ವರ್ಷ ಯಾರೂ ಕೇಳದ ಹಣ ಬ್ಯಾಂಕಿನಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದರಲ್ಲಿ ಎಷ್ಟೋ ಹಣ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದ ಹಣವೇ ಇರಬೇಕು.

ಹಣಕಾಸಿನ ಶಿಸ್ತು ಕಲಿಸುವ ಪುಸ್ತಕಗಳು ಇಂದು ಜಯನಗರದ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಹೊರಗಿನ ಕಾಫಿ ಬಿಡಿ, ಮೊದಲು ಉಳಿಸಿ ನಂತರ ಖರ್ಚು ಮಾಡಿ ಎಂದು ಅವು ಹೇಳುತ್ತವೆ. ಸಲಹೆ ಒಳ್ಳೆಯದೇ. ಆದರೆ ಅವೆಲ್ಲ ಒಂಟಿ ಮನುಷ್ಯನನ್ನು ಉದ್ದೇಶಿಸಿದ ಮಾತುಗಳು. ಬಸವನಗುಡಿಯ ಬ್ಯಾಂಕಿನ ಮುಂದೆ ನಿಂತ ಹಿರಿಯರಿಗೆ ಉಳಿತಾಯದ ಪಾಠ ಬೇಕಿರಲಿಲ್ಲ. ಉಳಿಸಿದ್ದನ್ನು ಒಂದೇ ಕಡೆ ಇಡಬಾರದೆಂದು, ವಿಮೆಯ ಮಿತಿ ಎಷ್ಟೆಂದು, ಬೇರೆಡೆಗಿಂತ ಹೆಚ್ಚು ಬಡ್ಡಿ ಇಲ್ಲಿ ಮಾತ್ರ ಯಾಕೆಂದು ಮನೆಯೊಳಗೆ ಕೇಳುವ ಒಂದು ದನಿ ಬೇಕಿತ್ತು. ‘ಘಾಚರ್ ಘೋಚರ್’ ಇಂಥ ಪುಸ್ತಕಗಳಿಗಿಂತ ಹೆಚ್ಚಿನ ಹಣಕಾಸಿನ ತಿಳಿವಳಿಕೆ ಕೊಡುವುದು ಈ ಕಾರಣಕ್ಕೆ. ಹಣ ಮನೆಯ ಮಾತುಕತೆಯಿಂದ ಹೊರಗೆ ಹೋದ ದಿನವೇ ಅಪಾಯ ಒಳಗೆ ಬರುತ್ತದೆ ಎಂದು ಅದು ತೋರಿಸಿಕೊಡುತ್ತದೆ.

ಓದು ಮುಗಿಸಿದ ಮೇಲೆ ನಾವು ಒಂದು ಸಣ್ಣ ರೂಢಿ ಹಾಕಿಕೊಂಡಿದ್ದೇವೆ. ವಾರಕ್ಕೊಮ್ಮೆ, ರಾತ್ರಿ ಊಟವಾದ ಮೇಲೆ, ಇನ್ನೂರು ಪುಟದ ಒಂದು ಸಾದಾ ನೋಟುಪುಸ್ತಕ ತೆರೆದು ಬಂದದ್ದು, ಹೋದದ್ದು, ಕೊಡಬೇಕಾದದ್ದು, ಬರಬೇಕಾದದ್ದು ಎಲ್ಲವನ್ನೂ ಗಟ್ಟಿಯಾಗಿ ಓದುವುದು. ಕೊನೆಯ ಪುಟದಲ್ಲಿ ಯಾವ ಕಾಗದ ಎಲ್ಲಿದೆ ಎಂಬ ಪಟ್ಟಿ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು. ಮೊದಲ ವಾರ ನಮ್ಮ ಮನೆಯೊಂದರಲ್ಲಿ ಕಾಲೇಜಿಗೆ ಹೋಗುವ ಮಗಳು ಕೇಳಿದಳು: “ಅಬ್ಬಾ, ಈ ಎಂಟು ಸಾವಿರ ಯಾರಿಗೆ ಕೊಟ್ಟದ್ದು?” ಅಪ್ಪನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಲೆಕ್ಕ ಹೊಂದುವವರೆಗೆ ಯಾರೂ ಮಲಗಲಿಲ್ಲ.