ಹಲಗೆಗಳ ನಡುವಿನ ಬೀದಿ

ಸಾಲ್ ಲೈಟರ್ 1957ರಲ್ಲಿ ತೆಗೆದ ‘ಥ್ರೂ ಬೋರ್ಡ್ಸ್’ ಎಂಬ ಫೋಟೊವನ್ನು ಮೊದಲು ನೋಡಿದಾಗ ನನಗೆ ಸಿಟ್ಟೇ ಬಂದಿತ್ತು. ಚೌಕಟ್ಟಿನ ಬಹುಪಾಲು ಬರೀ ಕಪ್ಪು. ನಡುವಿನ ಕಿರಿದಾದ ಸಂದಿಯಲ್ಲಷ್ಟೇ ನ್ಯೂಯಾರ್ಕಿನ ಬೀದಿ. ಇಷ್ಟೊಂದು ಜಾಗ ಯಾಕೆ ಹಾಳು ಮಾಡಿದ ಅಂದುಕೊಂಡಿದ್ದೆ.

ಲೈಟರ್ 1946ರಲ್ಲಿ ಆ ಊರಿಗೆ ಬಂದದ್ದು ಚಿತ್ರಕಾರನಾಗಲು. ಅವನಿಗೆ ಅಚ್ಚುಮೆಚ್ಚಿನವನು ಪಿಯರ್ ಬೊನಾರ್, ಪ್ಯಾರಿಸಿನ ನಬಿ ಬಳಗದವನು. ಜಪಾನಿನ ಮರದಚ್ಚಿನ ಚಿತ್ರಗಳನ್ನು ನೋಡಿ ಈ ಬಳಗ ಆಳದ ಭ್ರಮೆಯನ್ನು ಬಿಟ್ಟುಕೊಡುವುದನ್ನು ಕಲಿಯಿತು: ಬಣ್ಣವನ್ನು ಚಪ್ಪಟೆಯಾಗಿ ಹರಡುವುದು, ಮನುಷ್ಯರನ್ನು ಅಂಚಿನಲ್ಲಿ ಕತ್ತರಿಸುವುದು. ಕ್ಯಾಮೆರಾಕ್ಕೆ ಇದು ಸುಲಭವಲ್ಲ. ಎದುರಿಗಿದ್ದುದನ್ನೆಲ್ಲ ನುಂಗುವ ಯಂತ್ರ ಅದು. ಹಲಗೆ, ಮಂಜು ಹಿಡಿದ ಗಾಜು, ಕೊಡೆಗಳನ್ನು ಅಡ್ಡ ಇಟ್ಟುಕೊಂಡು ಲೈಟರ್ ಅದರ ಹೊಟ್ಟೆಬಾಕತನವನ್ನು ತಡೆದ.

ಫೋಟೊಗೆ ಕುಂಚದ ಗೆರೆಗಳ ಫಿಲ್ಟರ್ ಹಾಕಿ ‘ಇಂಪ್ರೆಷನಿಸ್ಟ್’ ಅನ್ನುವವರನ್ನು (ನಾನೂ ಹಾಕಿದವನೇ) ಕಂಡರೆ ಈಗ ಬೇಸರ. ಚಿತ್ರಕಾರ ಏನನ್ನು ಬಿಟ್ಟ ಎಂಬುದು ಫಿಲ್ಟರಿಗೆ ಗೊತ್ತಿಲ್ಲ.

ಆದರೂ ಒಂದು ಅನುಮಾನ ಉಳಿದಿದೆ. ಆ ಬೀದಿಗಳ ಮನುಷ್ಯರು ಲೈಟರ್‌ಗೆ ಬರೀ ಬಣ್ಣದ ತುಂಡುಗಳಾಗಿದ್ದರೇ? ‘ಫುಟ್‌ಪ್ರಿಂಟ್ಸ್’ ಚಿತ್ರದಲ್ಲಿ ಕೆಂಪು ಕೊಡೆ ಹಿಡಿದು ಯಾರೋ ಹಿಮ ತುಳಿಯುತ್ತ ಹೋಗುತ್ತಿದ್ದಾರೆ. ಕೊಡೆ ನನಗೆ ಚೆನ್ನಾಗಿ ನೆನಪಿದೆ, ಆ ವ್ಯಕ್ತಿ ನೆನಪಿಲ್ಲ.